ಹಿಂದಿನ ಸೀಟಿನ ಹಾಡು

ಇನ್ಸುಲೇಷನ್ ಟೇಪಿನ ರಬ್ಬರು ವಾಸನೆ ಬಂದರೆ ಇವತ್ತಿಗೂ ನನಗೆ ಕೊಪ್ಪದ ಬಾಡಿಗೆ ಮನೆಯ ಮುಂದಿನ ಆ ಮಧ್ಯಾಹ್ನ ನೆನಪಾಗುತ್ತದೆ.

ಅಪ್ಪ ಕೊಂಡಿದ್ದ ಹಳೇ ಕಾರಿನ ಹಿಂದಿನ ಸ್ಪೀಕರುಗಳು ರಸ್ತೆಯಲ್ಲಿ ಹೊಂಡ ಬಂದಾಗೆಲ್ಲ ಬಾಯಿ ಮುಚ್ಚುತ್ತಿದ್ದವು. ಅಪ್ಪ ಡಿಕ್ಕಿಯೊಳಗೆ ತಲೆ ತೂರಿಸಿ ಒಂದೊಂದೇ ವೈರು ಅಲ್ಲಾಡಿಸಿದರು. ಸಂಗೀತ ಕಲಿಯುತ್ತಿದ್ದ ಅಕ್ಕ ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಕೂತು, ಯಾವ ವೈರು ಅಲ್ಲಾಡಿದರೆ ಹಾಡು ನಿಲ್ಲುತ್ತದೆಂದು ಕೇಳಿಸಿಕೊಳ್ಳುತ್ತಿದ್ದಳು.

"ನಾನೂ ಕೇಳಿ ಹೇಳ್ತೀನಿ" ಎಂದೆ.

"ನೀನು ಸುಮ್ನಿರು ಮಾರಾಯ್ತಿ. ಅವಳ ಕಿವಿ ಸೂಕ್ಷ್ಮ" ಎಂದು ಅಪ್ಪ ಟೇಪು ತರಲು ಒಳಗೆ ಹೋದರು.

ಹೊಟ್ಟೆ ಉರಿದು ಡಿಕ್ಕಿಯನ್ನು ಧಡಾರನೆ ಮುಚ್ಚಿದೆ.

"ಹೋಯ್ತು!" ಅಕ್ಕ ಕೂಗಿದಳು.

ಅಪ್ಪ ಓಡಿ ಬಂದು ನೋಡಿದರೆ, ಡಿಕ್ಕಿಯ ಕೀಲಿನ ಸಂದಿಯಲ್ಲಿ ಒಂದು ವೈರು ಸಿಕ್ಕಿ, ಸಿಪ್ಪೆ ಹರಿದು ತಾಮ್ರ ಕಾಣುತ್ತಿತ್ತು. "ಎಷ್ಟು ಸರಿಯಾಗಿ ಹೇಳಿದೆ ಕೂಸೆ" ಎಂದು ಅಕ್ಕನ ತಲೆ ಸವರಿ, ಅದಕ್ಕೆ ಟೇಪು ಸುತ್ತಿದರು.

ಪರೀಕ್ಷೆ ಮಾಡಲೆಂದು ಹರಿಹರಪುರದ ಕಡೆ ಹೊರಟೆವು. ಅಕ್ಕ ಮುಂದೆ, ನಾನು ಹಿಂದೆ. ನನ್ನ ಎರಡೂ ಕಿವಿಯ ಪಕ್ಕ ಹಾಡು ಜೋರಾಗಿ ಬರುತ್ತಿತ್ತು.

"ಹಿಂದೆ ಕೇಳ್ತಾ ಇದ್ಯಾ?" ಎಂದರು ಅಪ್ಪ.

"ಇಲ್ಲ" ಎಂದೆ.

ಅಪ್ಪ ಕಾರು ನಿಲ್ಲಿಸಿ ಇಳಿದು, ಹಿಂದೆ ಬಂದು ನನಗೆ ಒತ್ತಿಕೊಂಡು ಕೂತರು. ನನ್ನ ತಲೆಗೆ ತಲೆ ತಾಗಿಸಿ ಸ್ಪೀಕರಿಗೆ ಕಿವಿ ಕೊಟ್ಟರು.

"ಹೌದಲ್ಲ, ಏನೂ ಕೇಳ್ತಾ ಇಲ್ಲ" ಎಂದು, ಹಾಡು ಮುಗಿಯುವ ತನಕ ಹಾಗೇ ಇದ್ದರು. ಮುಂದಿನ ಸೀಟಿನಿಂದ ಅಕ್ಕ ತಿರುಗಿ ತಿರುಗಿ ನಮ್ಮನ್ನೇ ನೋಡುತ್ತಿದ್ದಳು.