ಕೆಂಪು ದೀಪದ ಸಂದಿ

ಜೇನುಮೇಣ ಕರಗುವ ವಾಸನೆ ಬಂದರೆ ಈಗಲೂ ನನಗೆ ಬ್ಯಾಡಗಿಯ ನಮ್ಮ ಹಿತ್ತಲಿನ ಆ ಮಧ್ಯಾಹ್ನ ನೆನಪಾಗುತ್ತದೆ.

ಅಪ್ಪನ ಲಾರಿಯ ಹಿಂದಿನ ಕೆಂಪು ದೀಪದ ಸಂದಿಯಿಂದ ಮಳೆನೀರು ಇಳಿದು, ಒಳಗಿನ ಮೆಣಸಿನಕಾಯಿ ಚೀಲಗಳು ನೆನೆಯುತ್ತಿದ್ದವು. ಮಳೆ ಬಿಟ್ಟ ಆ ದಿನ ಅಪ್ಪ ಚೀಲಗಳನ್ನೆಲ್ಲ ಇಳಿಸಿ, ಮೇಣ ಕಾಸಿ, ಅರಳೆಯನ್ನು ಅದರಲ್ಲಿ ಅದ್ದಿ ಸಂದಿಗೆ ತುರುಕಿದ. ನಾನು ಖಾಲಿ ಲಾರಿಯೊಳಗೆ, ಮೆಣಸಿನಕಾಯಿಯ ಘಾಟಿನಲ್ಲಿ ಮಲಗಿ ನೋಡುತ್ತಿದ್ದೆ. ದೀಪದ ಗಾಜಿನಿಂದ ತೂರಿದ ಬಿಸಿಲು ನನ್ನ ಅಂಗೈ ಮೇಲೆ ಕೆಂಪಗೆ ಅಲುಗುತ್ತಿತ್ತು.

ಅಪ್ಪ ಹೊರಗಿನಿಂದ ಕೊಡದ ನೀರು ಸುರಿದು ಕೇಳಿದ, "ಇನ್ನೂ ಸೋರತೈತೇನ?"

"ಇಲ್ಲಪ್ಪ, ಒಂದ ಹನೀನೂ ಇಲ್ಲ!"

ಹಿತ್ತಲ ಬಾಗಿಲಲ್ಲಿ ಅವ್ವ ಕೂತಿದ್ದಳು. ತೊಟ್ಟಿಲಲ್ಲಿದ್ದ ತಮ್ಮ ತೀರಿಕೊಂಡಾಗಿನಿಂದ ಅವಳು ಮಾತೇ ಬಿಟ್ಟಿದ್ದಳು.

"ಇನ್ನೊಂದು ಕೊಡ ಹಾಕ್ರಿ," ಎಂದಳು ಅವ್ವ. "ಖಾತ್ರಿ ಆಗಲಿ."

ಅಪ್ಪ ಕೊಡವನ್ನು ಮೆಲ್ಲಗೆ ಕೆಳಗಿಟ್ಟ.

"ಏನಂದಿ?" ಎಂದ. "ಇನ್ನೊಮ್ಮೆ ಅನ್ನು."