ಅಳಿಸದೆ ಬಿಟ್ಟ ಅಂಚು

ಪುಸ್ತಕ ಮತ್ತೆ ವಾಪಸು ಪೆಟ್ಟಿಗೆಗೆ ಬಂದು ಬಿದ್ದಿತ್ತು. ಗ್ರಂಥಪಾಲಕಿ ಸುತ್ತ ಕಣ್ಣು ಹಾಯಿಸಿ, ಅದನ್ನು ಎದೆಗವಚಿಕೊಂಡು ತನ್ನ ಮೇಜಿಗೆ ಓಡಿದಳು.

‘ನಲವತ್ತು ನಗುವಿನ ದಿನಗಳು’. ಊರಿಗೆಲ್ಲ ನಗುವುದನ್ನು ಕಲಿಸಿದ ನಗೆಗುರುಗಳ ಪುಸ್ತಕ. ಎದುರಿನ ಹನ್ನೆರಡು ಮಹಡಿಯ ಕಟ್ಟಡವೂ ಅವರದೇ. ಅದರ ನೆತ್ತಿಯ ಮೇಲಿನ ಚಿತ್ರದಲ್ಲಿ ಅವರ ಹಲ್ಲುಗಳೇ ಆಳೆತ್ತರ. ಅಂಗಡಿಯಲ್ಲಿ ಪುಸ್ತಕದ ಬೆಲೆ ಕೇಳಿ ಬೆಚ್ಚಿದವರೆಲ್ಲ ಗ್ರಂಥಾಲಯಕ್ಕೆ ಬರುತ್ತಿದ್ದರು. ಇದ್ದದ್ದು ಒಂದೇ ಪ್ರತಿ. ಅಲ್ಲೇ ಕೂತು ಓದಬೇಕು, ಹೊರಗೆ ಕೊಡುವಂತಿಲ್ಲ. ಆದರೂ ಯಾರೋ ಅದನ್ನು ಕಂಬದ ಹಿಂದಿನ ಕಪಾಟಿನಿಂದ ಸದ್ದಿಲ್ಲದೆ ಒಯ್ಯುತ್ತಿದ್ದರು. ನಾಲ್ಕು ದಿನ ಕಳೆದರೆ ಪೆಟ್ಟಿಗೆಗೆ ಹಾಕುತ್ತಿದ್ದರು. ಅಂಚಿನ ತುಂಬ ಪೆನ್ಸಿಲ್ ಬರಹ. ಎಡಕ್ಕೆ ವಾಲಿದ ಅಕ್ಷರಗಳು.

ಗೀಚಿದ ಪುಟಗಳನ್ನು ರಬ್ಬರಿನಿಂದ ಒರೆಸಿಯೇ ಕಪಾಟಿಗೆ ಸೇರಿಸಬೇಕೆಂಬುದು ನಿಯಮ. ಹದಿನೆಂಟು ವರ್ಷದಲ್ಲಿ ಅವಳು ಎಷ್ಟು ಜನರ ಸಿಟ್ಟು, ಪ್ರೇಮ, ಫೋನ್ ನಂಬರು ಒರೆಸಿದ್ದಳೋ! ಒಂದನ್ನೂ ಓದುತ್ತಿರಲಿಲ್ಲ. ಇದನ್ನು ಓದಿಬಿಟ್ಟಳು. ಅದೇ ಎಡವಟ್ಟಾಯಿತು.

ಐದನೆಯ ಅಧ್ಯಾಯದಲ್ಲಿ ಒಬ್ಬ ಮಗ, ಹಾಸಿಗೆ ಹಿಡಿದ ತಾಯಿಗೆ ದಿನಕ್ಕೊಂದು ಒಳ್ಳೆಯ ಮಾತು ಹೇಳುತ್ತಾನೆ. ನಲವತ್ತನೆಯ ದಿನ ತಾಯಿ ಎದ್ದು ನಡೆಯುತ್ತಾಳೆ. ಅದರ ಅಂಚಿನಲ್ಲಿ ಬರೆದಿತ್ತು: ‘ಏಳಲಿಲ್ಲ. ನಲವತ್ತೊಂದನೆಯ ದಿನ ಹೋದಳು.’

ಪುಸ್ತಕ ನಂಬಿ ಹೆತ್ತವಳ ಮೇಲೆ ಪ್ರಯೋಗ ಮಾಡಿದ್ದಾನೆ, ಪಾಪ! ಅವಳು ರಬ್ಬರು ಕೆಳಗಿಟ್ಟು, ಕಿವಿಯ ಮೇಲಿದ್ದ ಪೆನ್ಸಿಲು ತೆಗೆದು ಬರೆದಳು: ‘ನನ್ನಮ್ಮನೂ ಏಳಲಿಲ್ಲ. ತಪ್ಪು ನಿಮ್ಮದಲ್ಲ.’

ಮುಂದಿನ ವಾರ ಉತ್ತರ ಬಂತು. ‘ಮನೆಯಲ್ಲಿ ಈ ಪುಸ್ತಕದ ರಾಶಿಯೇ ಇದೆ. ಅದರಲ್ಲಿ ಬರೆದರೆ ಎಲ್ಲರೂ ನೋಡುತ್ತಾರೆ. ಅದಕ್ಕೇ ಇಲ್ಲಿ.’

ಕೊಂಡು ಕೊಂಡು ಮನೆ ತುಂಬಿಸಿದ್ದಾನೆ ಬೆಪ್ಪ, ಎಂದು ಅವಳಿಗೆ ಕೋಪವೂ ಬಂತು.

ಹೀಗೇ ಏಳು ವಾರ ನಡೆದಿತ್ತು. ಈಗ ಮೇಜಿನ ಮೇಲೆ ಕೊನೆಯ ಪುಟ ತೆರೆದಳು. ‘ಭಾನುವಾರದವರೆಗೆ ಹೇಗೋ ನಗುತ್ತೇನೆ. ಆಮೇಲೆ ನಾನಿರುವುದಿಲ್ಲ.’

ಅವಳು ಪುಟಗಳನ್ನೆಲ್ಲ ತಿರುವಿದಳು. ಹುಡುಕೋಣವೆಂದರೆ ಹೆಸರಿಲ್ಲ, ವಿಳಾಸವಿಲ್ಲ. ಭಾನುವಾರ ನಗೆಗುರುಗಳ ಮಹಾಶಿಬಿರವಿತ್ತು. ಇಂಥ ಭಕ್ತ ಅಲ್ಲಿಗೆ ಬಂದೇ ಬರುತ್ತಾನೆ. ಗುರುಗಳೇ ವೇದಿಕೆಯಿಂದ ಅವನಿಗೊಂದು ಮಾತು ಹೇಳಿದರೆ ಬದುಕಿಯಾನು. ಟಿಕೆಟ್ಟಿಗೆ ಅವಳ ಎರಡು ತಿಂಗಳ ಸಂಬಳ ಹೋಯಿತು.

“ನಗೋದಕ್ಕೆ ಇಷ್ಟು ದುಡ್ಡಾ? ನನ್ನ ಹತ್ರ ಬಾ, ಪುಕ್ಕಟೆ ಕಚಗುಳಿ ಇಡ್ತೀನಿ,” ಎಂದಳು ಅಕ್ಕ.

ಭಾನುವಾರ ಶಿಬಿರಕ್ಕೆ ಮೊದಲು ಗುರುಗಳು ಪುಸ್ತಕಗಳಿಗೆ ಸಹಿ ಹಾಕುತ್ತಿದ್ದರು. ಹೊಸ ಪ್ರತಿ ಹಿಡಿದವರ ಸಾಲಿನಲ್ಲಿ ಗ್ರಂಥಾಲಯದ ಸವೆದ ಪ್ರತಿ ಹಿಡಿದು ಅವಳೂ ನಿಂತಳು. ಹತ್ತಿರದಿಂದ ನೋಡಿದರೆ ಅವರ ನಗು ಚಿತ್ರದಲ್ಲಿದ್ದಷ್ಟೇ ಅಗಲವಾಗಿತ್ತು. ಅವಳು ಕೊನೆಯ ಪುಟ ತೆರೆದಿಟ್ಟಳು.

“ಸರ್, ಇದನ್ನ ಬರೆದವನು ಇಲ್ಲೇ ಎಲ್ಲೋ ಇದ್ದಾನೆ. ಅವನನ್ನ ಉಳಿಸಿ. ನೀವು ಹೇಳಿದ್ರೆ ಕಣ್ಣು ಮುಚ್ಚಿ ನಂಬ್ತಾನೆ.”

ಗುರುಗಳ ನಗು ನಿಂತಿತು.

“ನಾನು ಹೇಳಿದ್ರೆ ನಂಬಲ್ಲ,” ಎಂದರು. ನಿಧಾನವಾಗಿ ಪುಟ ಮಗುಚಿದರು. ಐದನೆಯ ಅಧ್ಯಾಯದ ಅಂಚಿನ ಮೇಲೆ ಬೆರಳಿಟ್ಟರು. “ಈ ಉತ್ತರಗಳು ನಿಮ್ಮವಾ?”

“ಹೌದು. ತಪ್ಪಾಗಿದ್ರೆ ಒರೆಸ್ತೀನಿ. ರಬ್ಬರು ತಂದಿದ್ದೀನಿ.”

“ಬೇಡ. ಒರೆಸಬೇಡಿ.”

ಹಿಂದಿನವರು ಗೊಣಗಿದರು. ಗುರುಗಳು ಚಿನ್ನದ ಪೆನ್ನು ಪಕ್ಕಕ್ಕಿಟ್ಟು, ಅವಳ ಕಿವಿಯ ಮೇಲಿದ್ದ ಪೆನ್ಸಿಲಿಗೆ ಕೈ ಚಾಚಿದರು. ಒಂದು ಸಾಲು ಬರೆದು, ಪುಸ್ತಕ ಮುಚ್ಚಿ ಕೊಟ್ಟರು. ಕಾವಲಿನವನು ಅವಳನ್ನು ಮುಂದಕ್ಕೆ ತಳ್ಳಿದ. ಇಷ್ಟಕ್ಕೇನಾ ಎರಡು ತಿಂಗಳ ಸಂಬಳ ಸುರಿದದ್ದು ಎಂದು ಅವಳಿಗೆ ಅಳು ಬಂತು. ಬಾಗಿಲ ಬಳಿ ನಿಂತು, ಕಣ್ಣೊರೆಸಿಕೊಂಡು ಪುಟ ತೆರೆದಳು.

ಎಡಕ್ಕೆ ವಾಲಿದ ಅಕ್ಷರಗಳಲ್ಲಿ ಬರೆದಿತ್ತು: ‘ಸೋಮವಾರ ಗ್ರಂಥಾಲಯ ಎಷ್ಟು ಗಂಟೆಗೆ ತೆರೆಯುತ್ತೀರಿ?’