ರೇಡಿಯೊ ವಾರ್ಡಿನಲ್ಲಿ ಒಂದು ಗಂಟೆ

ಕಿವಿಯೊಳಗಿನ ಯಂತ್ರವೇ ಮನಸ್ಸರಿತು ಹಾಡು ಹಾಕತೊಡಗಿ ಇಪ್ಪತ್ತು ವರ್ಷವಾಗಿತ್ತು. ಬೇಡದ ಹಾಡನ್ನು ಯಾರೂ ಕೇಳುತ್ತಿರಲಿಲ್ಲ, ಪಕ್ಕದವರ ಮಾತನ್ನೂ ಕೇಳುತ್ತಿರಲಿಲ್ಲ. ಇದನ್ನು ಕಾಯಿಲೆಯೆಂದು ಒಪ್ಪಿಕೊಂಡ ಸರ್ಕಾರ ಆಸ್ಪತ್ರೆಗಳಲ್ಲಿ ರೇಡಿಯೊ ವಾರ್ಡ್ ತೆರೆಯಿತು.

ಫಕೀರೇಶ ಮತ್ತು ದ್ರಾಕ್ಷಾಯಣಿ ದಂಪತಿಗೆ ಡಾಕ್ಟರು ವಾರಕ್ಕೊಂದು ಗಂಟೆ ಬರೆದುಕೊಟ್ಟಿದ್ದರು. ಇಬ್ಬರೂ ಯಂತ್ರ ತೆಗೆದು ಒಳಗೆ ಕುಳಿತರು. ಗಾಜಿನಾಚೆ ಸುಮಿತ್ರಾ ಇದ್ದಳು. ಊರಿನ ಎಫ್‌ಎಂ ಮುಚ್ಚುವವರೆಗೂ ಅಲ್ಲಿ ಬೆಳಗಿನ ಹಾಡು ಹಾಕುತ್ತಿದ್ದವಳು. ಆಗ ಕ್ಷೌರದಂಗಡಿಯಿಂದ ಹಿಟ್ಟಿನ ಗಿರಣಿಯವರೆಗೆ ಇಡೀ ಓಣಿಗೆ ಒಂದೇ ಹಾಡು ಕೇಳುತ್ತಿತ್ತು.

ಫಕೀರೇಶ ತಮ್ಮ ಮದುವೆಯ ವರ್ಷದ ಹಾಡೊಂದನ್ನು ಹಾಕಲು ಕೇಳಿದ.

"ಖಂಡಿತ ಹಾಕ್ತೀನ್ರಿ, ಕೇಳ್ತಾ ಇರ್ರಿ," ಎಂದು ಸುಮಿತ್ರಾ ಸೀರೆ ಅಂಗಡಿಯ ಜಾಹೀರಾತು ಹಾಕಿದಳು. ಆಮೇಲೆ ಯಾರಿಗೂ ಬೇಡದ ಹಾಡು, ಟೈರ್ ಅಂಗಡಿ, ಮತ್ತೆ ಸೀರೆ ಅಂಗಡಿ.

ಅರ್ಧ ಗಂಟೆಯಾದ ಮೇಲೆ ಫಕೀರೇಶ ಗಾಜು ಬಡಿದ. "ನಮ್ಮ ಹಾಡು ಯಾವಾಗ್ರಿ?"

"ಕಾಯೋದ ಔಷಧರಿ," ಎಂದಳು ಸುಮಿತ್ರಾ ಮೈಕಿನಲ್ಲೇ.

ದ್ರಾಕ್ಷಾಯಣಿ ನಕ್ಕಳು. ಹೆಂಡತಿ ಯಾತಕ್ಕೆ ನಗುತ್ತಾಳೆಂದು ಅವನಿಗೆ ಗೊತ್ತಾಗದೆ ವರ್ಷಗಳೇ ಆಗಿದ್ದವು; ಇವತ್ತು ಗೊತ್ತಾಯಿತು.

ಗಂಟೆ ಮುಗಿಯುವಾಗ ಅವರ ಹಾಡು ಬಂತು. ಪಲ್ಲವಿ ಮುಗಿಯುವ ಮೊದಲೇ ಸುಮಿತ್ರಾ ಅದರ ಮೇಲೆ ಮಾತಾಡಿ ನಿಲ್ಲಿಸಿದಳು.

ಯಂತ್ರಗಳನ್ನು ಚೀಲಕ್ಕೆ ಹಾಕಿಕೊಂಡು ಇಬ್ಬರೂ ಬಸ್‌ಸ್ಟಾಪಿಗೆ ಬಂದರು.

"ಆ ಹಾಡು ನನಗ ಆವಾಗ್ಲೂ ಸೇರ್ತಿರ್ಲಿಲ್ಲ," ಎಂದಳು ದ್ರಾಕ್ಷಾಯಣಿ.

"ಮೂವತ್ತು ವರ್ಷ ಆದಮ್ಯಾಲ ಹೇಳ್ತೀಯಲ್ಲ."

"ನನ್ನ ಮಾತು ನಿಮಗ ಕೇಳಿಸಿದ್ದ ಇವತ್ತ."

ಜಗಳ ಜೋರಾಯಿತು. ಅಷ್ಟರಲ್ಲಿ ಎರಡು ಬಸ್ಸು ಹೋದವು. ಮೂರನೆಯದನ್ನೂ ಅವರು ಹತ್ತಲಿಲ್ಲ.